ಟ್ಯೂಬ್ ಹಾಕಿದ ಕಿವಿ ಸೋರುತ್ತಿದೆ, ಬರೀ ಡ್ರಾಪ್ಸ್ ಸಾಕಾ?

ಪ್ರಶ್ನೆ: ಪದೇ ಪದೇ ಕಿವಿ ಸೋಂಕಾಗುತ್ತಿತ್ತು ಅಂತ ಮೂರು ವರ್ಷದ ಮಗನಿಗೆ ಕಿವಿ ತಮಟೆಯಲ್ಲಿ ಪುಟ್ಟ ಟ್ಯೂಬ್ ಹಾಕಿಸಿದ್ದೆವು. ಈಗ ನೆಗಡಿ ಜೊತೆ ಒಂದು ಕಿವಿ ಸೋರುತ್ತಿದೆ. ಡಾಕ್ಟರ್ ಬರೀ ಡ್ರಾಪ್ಸ್ ಕೊಟ್ಟಿದ್ದಾರೆ. ಆಂಟಿಬಯಾಟಿಕ್ ಸಿರಪ್ ಬೇಡವಾ?

ಉತ್ತರ: ಮಗು ಜ್ವರವಿಲ್ಲದೆ ಆಟ ಆಡಿಕೊಂಡಿದ್ದರೆ ಸಿರಪ್ ಬೇಡ. ಇಂಥ ಕಿವಿಗೆ ಸಿರಪ್‌ಗಿಂತ ಆಂಟಿಬಯಾಟಿಕ್ ಡ್ರಾಪ್ಸೇ ಚೆನ್ನಾಗಿ ಕೆಲಸ ಮಾಡುತ್ತದೆ.

ಟ್ಯೂಬ್ ಇಲ್ಲದಿದ್ದರೆ ಕೀವು ತಮಟೆಯ ಹಿಂದೆ ಸಿಕ್ಕಿಕೊಂಡು ಒತ್ತುತ್ತದೆ, ಮಕ್ಕಳು ರಾತ್ರಿಯಿಡೀ ಅಳುವುದು ಅದಕ್ಕೇ. ಹೊರಗಿನಿಂದ ಹಾಕಿದ ಔಷಧಿ ಅಲ್ಲಿಗೆ ಮುಟ್ಟುವುದೂ ಇಲ್ಲ. ಟ್ಯೂಬ್ ಇದ್ದರೆ ಅದೇ ದಾರಿಯಲ್ಲಿ ಕೀವು ಹೊರಗೆ ಬರುತ್ತದೆ, ಔಷಧಿ ಒಳಗೆ ಹೋಗುತ್ತದೆ. ಹಾಗಾಗಿ ಕಿವಿ ಸೋರಿದರೆ ಟ್ಯೂಬ್ ಕೆಟ್ಟಿದೆ ಅಂತಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಸ್ವಲ್ಪ ರಕ್ತದ ಬಣ್ಣ ಕಂಡರೂ ಗಾಬರಿಯಾಗಬೇಡಿ, ಡಾಕ್ಟರಿಗೆ ತಿಳಿಸಿ.

ನೆದರ್ಲೆಂಡ್ಸ್‌ನಲ್ಲಿ ಹೀಗೆ ಕಿವಿ ಸೋರುತ್ತಿದ್ದ 230 ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎರಡು ವಾರದ ನಂತರವೂ ಕಿವಿ ಸೋರುತ್ತಿದ್ದವರು, ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಇದ್ದ ಡ್ರಾಪ್ಸ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 5 ಮಾತ್ರ. ಸಿರಪ್ ಕುಡಿದವರಲ್ಲಿ 44, ಏನೂ ಕೊಡದೆ ಕಾದವರಲ್ಲಿ 55. ಇಷ್ಟು ವ್ಯತ್ಯಾಸ ಇರುವಾಗ ಸುಮ್ನೆ ಸಿರಪ್ ಕುಡಿಸಿ ಭೇದಿ ಮಾಡಿಸುವುದು ಯಾಕೆ, ಅಲ್ವಾ?

ಆದರೆ ಡ್ರಾಪ್ಸ್ ಒಳಗೆ ಇಳಿಯಬೇಕು. ಎಷ್ಟೋ ಸಲ ಗುಣವಾಗದೇ ಇರುವುದು ಇಲ್ಲೇ. ಕಿವಿಯ ಬಾಯಲ್ಲಿ ಕೀವು ಕಟ್ಟಿಕೊಂಡಿದ್ದರೆ ಮೊದಲು ಹತ್ತಿಯಿಂದ ಮೆಲ್ಲಗೆ ಒರೆಸಿ (ಬಡ್ಸ್ ಒಳಗೆ ತೂರಿಸಲೇಬೇಡಿ). ಬಾಟಲಿಯನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿದ್ದರೆ ಮಗುವಿಗೆ ತಲೆ ಸುತ್ತಬಹುದು. ಮಗ್ಗುಲಿಗೆ ಮಲಗಿಸಿ ಹನಿ ಹಾಕಿದ ಮೇಲೆ, ಕಿವಿಯ ತೂತಿನ ಮುಂದೆ ಕೆನ್ನೆಯ ಕಡೆ ಇರುವ ಪುಟ್ಟ ದಿಬ್ಬವನ್ನು ನಾಲ್ಕೈದು ಸಲ ಒತ್ತಿ ಬಿಡಿ, ಆ ಒತ್ತಡಕ್ಕೇ ಔಷಧಿ ಟ್ಯೂಬ್ ದಾಟಿ ಒಳಗೆ ಹೋಗುವುದು. ಬಾಯಿ ಕಹಿ ಅಂತ ಮಗು ಮುಖ ಕಿವುಚಿದರೆ ಒಳ್ಳೆಯದೇ, ಔಷಧಿ ಗಂಟಲವರೆಗೂ ಇಳಿದಿದೆ.

ಮನೆಯಲ್ಲಿ ಉಳಿದಿರುವ ಹಳೇ ಡ್ರಾಪ್ಸ್ ಹಾಕಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವಂಥವು ಟ್ಯೂಬ್ ಮೂಲಕ ಒಳಗೆ ಹೋದರೆ ಒಳಕಿವಿಗೆ ಹಾನಿಯಾಗಬಹುದು. ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ದಿನವೂ ಬೇಡ, ಶಿಲೀಂಧ್ರದ ಸೋಂಕು ಶುರುವಾಗಬಹುದು.

ಜೋರು ಜ್ವರ ಇದ್ದರೆ, ಗಂಟಲಿಗೋ ಎದೆಗೋ ಬೇರೆ ಸೋಂಕಾಗಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗುವಾದರೆ ಸಿರಪ್ ಬೇಕಾಗಬಹುದು. ವಾರವಾದರೂ ಸೋರುವುದು ನಿಲ್ಲದಿದ್ದರೆ ಇ.ಎನ್.ಟಿ. ಡಾಕ್ಟರಿಗೆ ಮತ್ತೆ ತೋರಿಸಿ, ಕಿವಿ ಒಳಗೆ ಸ್ವಚ್ಛ ಮಾಡಬೇಕಾಗಬಹುದು. ಕಿವಿಯ ಹಿಂದೆ ಕೆಂಪಾಗಿ ಊದಿಕೊಂಡರೆ ಅಥವಾ ಕಿವಿ ಮುಂದಕ್ಕೆ ಚಾಚಿಕೊಂಡಂತೆ ಕಂಡರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.