ಸ್ಕೂಟರ್ ಬ್ಯಾಟರಿ ಕಾಯುವ ಬಿಎಂಎಸ್ ಟೆಸ್ಟ್ ಆಗಿದೆ, ಸರಿ. ರಾಯಚೂರಿನ ಬಿಸಿಲಿಗೆ ಆಗಿದೆಯೇ?

ರಾಯಚೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವವರು ಮೈಲೇಜ್ ಆದಮೇಲೆ ಕೇಳುವುದು ಒಂದೇ: ಬೇಸಿಗೆಯಲ್ಲಿ ಬೆಂಕಿ ಹತ್ತಲ್ಲ ತಾನೇ? "ಎಲ್ಲಾ ಟೆಸ್ಟ್ ಆಗಿದೆ" ಎಂಬ ಉತ್ತರ ಬರುತ್ತದೆ. ಯಾವ ಟೆಸ್ಟ್, ಎಷ್ಟು ಬಿಸಿಯಲ್ಲಿ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಲೆಡ್ ಆಸಿಡ್ ಬ್ಯಾಟರಿಗೆ ಇಷ್ಟೆಲ್ಲ ಕಾವಲು ಬೇಕಿರಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದರೆ ನಡೆಯುತ್ತಿತ್ತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಕ್ಯಾಮೆರಾ, ಫೋನ್ ದಾಟಿ ಗಾಡಿಗೆ ಬಂತು. ಅದು ಅತಿಯಾದ ಚಾರ್ಜ್, ಅತಿಯಾದ ಬಿಸಿ ಎರಡನ್ನೂ ತಾಳಲ್ಲ. ಬ್ಯಾಟರಿಯೊಳಗಿನ ಸೆಲ್‌ಗಳ ವೋಲ್ಟೇಜ್, ಕರೆಂಟ್, ಬಿಸಿ ನೋಡುತ್ತಾ, ಅಪಾಯ ಕಂಡರೆ ಕರೆಂಟ್ ಕಡಿದುಹಾಕುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಬಿಎಂಎಸ್, ಅದಕ್ಕೇ ಬೇಕಾಯಿತು.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದವು. ಆಮೇಲೆ ಇಂಥ ಗಾಡಿಗಳ ಬ್ಯಾಟರಿ ಸುರಕ್ಷತೆಗಿರುವ ಎಐಎಸ್-156 ನಿಯಮ ಬಿಗಿಯಾಯಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ.

ಈಗ ಪರೀಕ್ಷೆಯ ವಿಷಯ. ನಿಜವಾದ ಪ್ಯಾಕ್‌ಗೆ, ಅಂದರೆ ಸೆಲ್‌ಗಳನ್ನು ಜೋಡಿಸಿದ ಪೂರ್ತಿ ಬ್ಯಾಟರಿಗೆ, ಪದೇಪದೇ ತೊಂದರೆ ಕೊಟ್ಟು ನೋಡುವುದು ದುಬಾರಿ, ಅಪಾಯವೂ ಹೌದು. ಹಾಗಾಗಿ ಬಿಎಂಎಸ್ ಬೋರ್ಡ್ ಮಾತ್ರ ನಿಜದ್ದು, ಸೆಲ್‌ಗಳ ಬದಲು ಅವುಗಳಂತೆಯೇ ವೋಲ್ಟೇಜ್ ತೋರಿಸುವ ಸಿಮ್ಯುಲೇಟರ್ ಯಂತ್ರ. ಒಂದು ಸೆಲ್ ಮಿತಿ ಮೀರಿ 4.2 ವೋಲ್ಟ್ ದಾಟಿದೆ ಎಂದು, ಸೆನ್ಸರ್ ವೈರ್ ಕಿತ್ತಿದೆ ಎಂದು ಬೋರ್ಡ್‌ಗೆ ತೋರಿಸಬಹುದು. ಅದು ಎಷ್ಟು ಬೇಗ ಕರೆಂಟ್ ಕಡಿಯುತ್ತದೆ ಅಂತ ಅಳೆಯಬಹುದು. ಇದಕ್ಕೆ ಹಾರ್ಡ್‌ವೇರ್ ಇನ್ ದ ಲೂಪ್ ಎನ್ನುತ್ತಾರೆ. ಒಳ್ಳೆಯ ವಿಧಾನವೇ. ಬೆಂಕಿಯ ಭಯವಿಲ್ಲದೆ ಸಾವಿರಾರು ಸಲ ಪರೀಕ್ಷಿಸಬಹುದು.

ಆದರೆ ಸಿಮ್ಯುಲೇಟರ್‌ಗೆ ಗೊತ್ತಿರುವುದು ಅದರಲ್ಲಿ ತುಂಬಿದ ಲೆಕ್ಕ ಮಾತ್ರ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಬಗೆಯ ಲಿಥಿಯಂ ಸೆಲ್‌ನಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಬಹಳ ಹೊತ್ತು ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಎಷ್ಟು ಚಾರ್ಜ್ ಉಳಿದಿದೆ ಎಂಬ ಅಂದಾಜು ಸುಲಭವಾಗಿ ತಪ್ಪುತ್ತದೆ. ಸೆಲ್ ಹಳೆಯದಾದಂತೆ ಲೆಕ್ಕವೇ ಬದಲಾಗುತ್ತದೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಇನ್ನೂ ಜಾಸ್ತಿ. ಸಂಜೆ ಮನೆಗೆ ಬಂದವರು ಅದೇ ಬಿಸಿ ಪ್ಯಾಕ್ ಅನ್ನು ಚಾರ್ಜ್‌ಗೆ ಹಾಕುತ್ತಾರೆ. ಹಳೆಯ ಸೆಲ್, ಬಿಸಿ ಪ್ಯಾಕ್, ಪೂರ್ತಿ ಚಾರ್ಜ್ ಮೂರೂ ಸೇರಿದ ಈ ಸ್ಥಿತಿ ಪರೀಕ್ಷೆಯಲ್ಲಿ ಇರಲೇಬೇಕು, ಅಲ್ವಾ? ಸಿಮ್ಯುಲೇಟರ್ ಆದಮೇಲೆ ನಿಜವಾದ ಪ್ಯಾಕ್ ಅನ್ನು ಬಿಸಿ ಚೇಂಬರ್‌ನಲ್ಲಿಟ್ಟು ನೋಡಬೇಕು, ನಮ್ಮಂಥ ಊರಿನ ರಸ್ತೆಯಲ್ಲೂ ಓಡಿಸಬೇಕು. ಪ್ಯಾಕ್ ಎಷ್ಟು ಡಿಗ್ರಿ ಮುಟ್ಟಿದರೆ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸುತ್ತದೆ ಎಂಬುದನ್ನು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದು ಕೊಡಬೇಕು.