ಸ್ಕೇಟ್ ಪಾರ್ಕ್‌ಗೆ ಶಿಲ್ಪ: ಕಾಂಕ್ರೀಟ್ ಸುರಿಯುವ ಮೊದಲೇ ಕಲಾವಿದರನ್ನು ಕರೆಯಿರಿ

ಪಾರ್ಕು ಕಟ್ಟಿ ಮುಗಿಸಿ, ಒಂದು ಮೂಲೆಯಲ್ಲಿ ಶಿಲ್ಪ ನಿಲ್ಲಿಸಿ, ಸುತ್ತ ಗ್ರಿಲ್ ಹಾಕಿ ಉದ್ಘಾಟನೆ ಮಾಡುವುದು ನಮ್ಮಲ್ಲಿ ರೂಢಿ. ಸ್ಕೇಟ್ ಪಾರ್ಕ್‌ನಲ್ಲಿ ಈ ರೂಢಿ ನಡೆಯುವುದಿಲ್ಲ. ಅಲ್ಲಿ ಬೋರ್ಡು ಓಡಬೇಕಾದದ್ದೇ ಶಿಲ್ಪದ ಮೇಲೆ, ಟ್ರಕ್ಕು (ಬೋರ್ಡಿನ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಉಜ್ಜಬೇಕಾದದ್ದು ಅದರ ಅಂಚಿಗೆ. ಮೈಸೂರಿನಲ್ಲಿ ಇಂಥ ಪಾರ್ಕಿಗೆ ಕಲಾಕೃತಿ ಮಾಡಿಸಲು ಹೊರಡುವವರು ನೆಲಕ್ಕೆ ಸರಳು ಕಟ್ಟುವ ಮೊದಲೇ ಕಲಾವಿದರನ್ನು ನಕ್ಷೆಯ ಮುಂದೆ ಕೂರಿಸಬೇಕು.

ಕಾರಣ ಸರಳ. ಶಿಲ್ಪವೊಂದಕ್ಕೆ ಮುಂದೆ 6ರಿಂದ 8 ಮೀಟರ್ ಓಟದ ಜಾಗ ಬೇಕು, ಇಳಿದು ಸಾವರಿಸಿಕೊಳ್ಳಲು ಸುಮಾರು ಅಷ್ಟೇ ಬೇಕು, ಎರಡೂ ಪಕ್ಕ 2 ಮೀಟರ್ ಖಾಲಿ ಇರಬೇಕು. ಸ್ಲ್ಯಾಬ್ ಗಟ್ಟಿಯಾದ ಮೇಲೆ ಇದನ್ನು ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ನೆಲ ಕೊರೆದು ಬುಡ ಕೂರಿಸಬೇಕಾಗುತ್ತದೆ, ಆ ಸಂದು ಓಟದ ದಾರಿಯಲ್ಲೇ ಬೀಳುತ್ತದೆ. ಬೀದಿ ಸ್ಕೇಟಿಂಗಿನ ಚಕ್ರ 50ರಿಂದ 54 ಮಿ.ಮೀ. ವ್ಯಾಸದ್ದು, ಬಲು ಗಟ್ಟಿ. 10 ಮಿ.ಮೀ. ಬಿರುಕಿಗೆ ಅದು ಸಿಕ್ಕಿಕೊಂಡರೆ ಬೋರ್ಡು ನಿಲ್ಲುತ್ತದೆ, ಮೇಲಿದ್ದ ಹುಡುಗಿ ಮುಂದಕ್ಕೆ ಎಸೆಯಲ್ಪಡುತ್ತಾಳೆ. ಕಾಂಕ್ರೀಟ್ ಹಿಗ್ಗಿ ಕುಗ್ಗಲೆಂದು ಬುಡದ ಸುತ್ತ ಬಿಡಲೇಬೇಕಾದ ಸಂದನ್ನು ಎಲ್ಲಿ ಎಳೆಯಬೇಕು ಎಂಬುದು ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ. ಅಂದಹಾಗೆ, ಟೆಂಡರ್ ಕಾಗದದಲ್ಲಿ ರೋಲರ್ ಸ್ಕೇಟಿಂಗ್ ರಿಂಕ್ ಮತ್ತು ಸ್ಕೇಟ್‌ಬೋರ್ಡ್ ಪಾರ್ಕ್ ಎರಡನ್ನೂ ಒಂದೇ ಎಂಬಂತೆ ಬರೆಯಬೇಡಿ. ಮೊದಲನೆಯದಕ್ಕೆ ಸಪಾಟು ನೆಲ ಸಾಕು. ಎರಡನೆಯದಕ್ಕೆ ಸ್ಕೇಟ್ ಪಾರ್ಕುಗಳ ಸುರಕ್ಷತೆಯ ಐರೋಪ್ಯ ಮಾನದಂಡ ಇಎನ್ 14974 ಅನ್ನು ಹೆಸರಿಸಿಯೇ ಉಲ್ಲೇಖಿಸಿ.

ಹಣ ಸರ್ಕಾರದ್ದಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರಡಿ ಟೆಂಡರ್ ಕರೆಯಬೇಕು. ಕೆಲಸದ ಪಟ್ಟಿಯಲ್ಲಿ ‘ಶಿಲ್ಪ, ಒಂದು’ ಎಂದು ಬರೆದು ಕಡಿಮೆ ದರದವರಿಗೆ ಕೊಟ್ಟರೆ ಬರುವುದು ಫೈಬರ್ ಗೊಂಬೆ. ಎರಡು ಲಕೋಟೆ ಪದ್ಧತಿ ಇರುವುದೇ ಇಂಥದ್ದಕ್ಕೆ: ಮೊದಲು ಕಲ್ಪನೆ ಮತ್ತು ತಾಂತ್ರಿಕ ಅರ್ಹತೆ, ಆಮೇಲೆ ದರ. ಮೂವರನ್ನು ಆಯ್ದು, ಮಾದರಿ ಮಾಡಲು ಮೂವರಿಗೂ ಸಂಭಾವನೆ ಕೊಡಿ. ಪುಕ್ಕಟೆ ಮಾದರಿ ಕೇಳಿದರೆ ಒಳ್ಳೆಯ ಕಲಾವಿದರು ಬರುವುದಿಲ್ಲ. ತೀರ್ಪು ಕೊಡುವವರಲ್ಲಿ ಒಬ್ಬರು ರಚನಾ ಎಂಜಿನಿಯರ್ ಇರಲಿ, ಕನಿಷ್ಠ ಇಬ್ಬರು ನಿತ್ಯ ಸ್ಕೇಟ್ ಮಾಡುವವರಿರಲಿ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಊರಲ್ಲೇ ಇದೆ, ಕಲೆಯ ಕಡೆಯ ಸದಸ್ಯರಿಗೆ ದೂರ ಹೋಗಬೇಕಿಲ್ಲ.

ಮೈಸೂರು ಎಂದೊಡನೆ ಅಂಬಾರಿ, ಆನೆ, ಅರಮನೆಯ ಕಮಾನು ಬೇಡಿಕೆಗೆ ಬರುತ್ತವೆ. ಆನೆಯ ಸೊಂಡಿಲನ್ನು ಜಾರುಬಂಡೆ ಮಾಡಿದರೆ ಫೋಟೊಗೆ ಚೆಂದ, ಸ್ಕೇಟಿಗೆ ನಿರುಪಯೋಗಿ: ಅದರ ಬಾಗು ಒಂದೊಂದು ಅಡಿಗೂ ಬದಲಾಗುತ್ತದೆ. ಆಕೃತಿಯನ್ನು ಬಿಟ್ಟು ರೇಖೆಯನ್ನು ತೆಗೆದುಕೊಳ್ಳಿ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಸಾಲು ನೋಡಿ, ಅಡ್ಡಡ್ಡ ನೇರ ಅಂಚುಗಳು ಒಂದರ ಕೆಳಗೊಂದು. ಅದೇ ಕ್ರಮವನ್ನು 20, 30, 45 ಸೆಂ.ಮೀ. ಎತ್ತರದ ಕಟ್ಟೆಗಳಾಗಿ ಹೊಸದಾಗಿ ಕಟ್ಟಿದರೆ ಕಲಿಯುವವರಿಂದ ಹಿಡಿದು ಪಳಗಿದವರವರೆಗೂ ಜಾಗ ಸಿಗುತ್ತದೆ. (ನಿಜವಾದ ಕಲ್ಯಾಣಿಯ ಮೇಲೆ ಯಾರೂ ಬೋರ್ಡು ಇಳಿಸಬಾರದು ಎಂಬುದನ್ನು ಪಾರ್ಕಿನ ಫಲಕದಲ್ಲೇ ಬರೆಯುವುದು ಒಳ್ಳೆಯದು.)

ಹೆಚ್ಚು ಎಡವುವುದು ಕಲ್ಲಿನ ಆಯ್ಕೆಯಲ್ಲಿ. ನಮ್ಮ ಶಿಲ್ಪಿಗಳ ಕೈಗೆ ಒಗ್ಗಿದ್ದು ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆ. ಉಳಿಗೆ ಒಲಿಯುವ ಗುಣವೇ ಅದರ ಹಿರಿಮೆ, ಸ್ಕೇಟ್ ಕಟ್ಟೆಯಲ್ಲಿ ಆ ಗುಣವೇ ದೋಷ. ಟ್ರಕ್ಕಿನ ಅಲ್ಯೂಮಿನಿಯಂ ಅಡ್ಡತೋಳು (ಹ್ಯಾಂಗರ್), ಅದರ ತುದಿಯ ಉಕ್ಕಿನ ಅಚ್ಚು ದಿನಕ್ಕೆ ನೂರಾರು ಸಲ ಅದೇ ಜಾಗಕ್ಕೆ ಬಡಿದರೆ ಅಂಚು ಹಲ್ಲುಹಲ್ಲಾಗುತ್ತದೆ. ಉಜ್ಜುವ ಅಂಚಿಗೆ ಚಾಮರಾಜನಗರದ ಕರಿ ಗ್ರಾನೈಟ್ ಹಾಕಿ, ಕೆತ್ತನೆಯ ಮೃದು ಕಲ್ಲನ್ನು ಚಕ್ರ ತಾಗದ ಪಕ್ಕದ ಗೋಡೆಗೆ ಇಡಿ. ಗ್ರಾನೈಟ್ ಹಾಸು 50 ಮಿ.ಮೀ.ಗಿಂತ ತೆಳ್ಳಗಿರಬಾರದು, ತುಂಡು 1.2 ಮೀಟರಿಗಿಂತ ಗಿಡ್ಡವಾಗಬಾರದು. ಕೆಳಗೆ ಎಪಾಕ್ಸಿ ಅಂಟು, ಜೊತೆಗೆ ಕಲ್ಲನ್ನು ಕಟ್ಟೆಗೆ ಬಿಗಿಯುವ 12 ಮಿ.ಮೀ. ಸ್ಟೀಲ್ ಗೂಟ (ಡೋವೆಲ್). ಸಂದು 3 ಮಿ.ಮೀ. ಅಂಚನ್ನು 4–5 ಮಿ.ಮೀ. ದುಂಡಗೆ ಉಜ್ಜಿಸಿ: ಚೂಪಾಗಿ ಬಿಟ್ಟರೆ ಚಕ್ಕೆ ಏಳುತ್ತದೆ, 10 ಮಿ.ಮೀ. ದಾಟಿದರೆ ಟ್ರಕ್ಕು ನಿಲ್ಲದೆ ಜಾರಿಬೀಳುತ್ತದೆ. ಮೇಲ್ಮೈ ಪಾಲಿಶ್ ಆಗಿರಲಿ. ಬೆಂಕಿ ಕೊಟ್ಟು ಒರಟಾಗಿಸಿದ ಕಲ್ಲು ನಡೆಯುವ ಹಾದಿಗೆ ಮಾತ್ರ.

ಉಕ್ಕಿನಲ್ಲಿ ಮಾಡಿಸುವುದಾದರೆ ಅಂಚಿನ ಆ್ಯಂಗಲ್ (L ಆಕಾರದ ಉಕ್ಕಿನ ಪಟ್ಟಿ) 50×50×6 ಮಿ.ಮೀ., ಒಳಗಡೆ 300 ಮಿ.ಮೀ.ಗೊಂದು ಲಗ್, ಅಂದರೆ ಕಾಂಕ್ರೀಟಿನಲ್ಲಿ ಹೂತು ಹಿಡಿದುಕೊಳ್ಳುವ ಕೊಂಡಿ. ಕಾಂಕ್ರೀಟ್ ಸುರಿಯುವಾಗ ಆ್ಯಂಗಲ್ ಅಡಿ ಗಾಳಿ ಸಿಕ್ಕಿಕೊಂಡು ಟೊಳ್ಳು ಉಳಿಯುವುದು ಸಾಮಾನ್ಯ. ಕೆಲವೇ ತಿಂಗಳಲ್ಲಿ ಅಲ್ಲೇ ಅಲುಗಾಡತೊಡಗುತ್ತದೆ. ಗಾಳಿ ಹೋಗಲು 8 ಮಿ.ಮೀ. ತೂತು ಕೊರೆದು, ಆಮೇಲೆ ವೆಲ್ಡ್ ಮಾಡಿ ಸಮತಟ್ಟಾಗಿ ಉಜ್ಜಿಸಿ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಟೊಳ್ಳು ಎಲ್ಲಿದೆಯೆಂದು ಕಿವಿಗೇ ಗೊತ್ತಾಗುತ್ತದೆ. ಪೆಟ್ಟಿಗೆಯಂಥ ಪೊಳ್ಳು ಶಿಲ್ಪವಾದರೆ ಒಣ ಮರಳು ತುಂಬಿಸಿ. ಇಲ್ಲವಾದರೆ ಪ್ರತಿ ಏಟಿಗೂ ಡೋಲಿನ ಸದ್ದು, ಪಕ್ಕದ ಬೀದಿಯವರ ದೂರು. ಬಿಸಿಲಿಗೆ ಉಕ್ಕೂ ಕರಿ ಗ್ರಾನೈಟೂ ಕಾಯುತ್ತವೆ, ಆದ್ದರಿಂದ ಸಂಜೆಯ ಹೊತ್ತಿಗೆ ನೆರಳು ಬೀಳುವ ದಿಕ್ಕಿಗೆ ಇಡಿ.

ಬಣ್ಣದ ವಿಷಯ ಚಿಕ್ಕದು. ಚಕ್ರ ಓಡುವ ಕಡೆ ಪೇಂಟ್ ಬೇಡ, ಅದು ಜಾರುತ್ತದೆ, ಬೇಗ ಸವೆಯುತ್ತದೆ. ಕಾಂಕ್ರೀಟಿಗೇ ಸಿಮೆಂಟಿನ ತೂಕದ ಶೇ. 3ರಿಂದ 5ರಷ್ಟು ಐರನ್ ಆಕ್ಸೈಡ್ ಬೆರೆಸಿ. ಒಂದೇ ದಿನ ಒಂದೇ ಬ್ಯಾಚ್ ಹಾಕದಿದ್ದರೆ ಬಣ್ಣ ತೇಪೆತೇಪೆಯಾಗುತ್ತದೆ.

ಚಿಕ್ಕ ಮಾದರಿ ನೋಡಿ ಒಪ್ಪಿಗೆ ಕೊಡಬೇಡಿ. ಗರಡಿಯ ಮಟ್ಟಿಮಣ್ಣು ಹದವಾಗಿದೆಯೇ ಎಂದು ಹೇಳಬೇಕಾದವರು ಪೈಲ್ವಾನರು, ಇಲ್ಲೂ ಹಾಗೆಯೇ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ನಿಜವಾದ ಅಳತೆಯ ಪ್ರತಿ ಮಾಡಿಸಿ, ಸ್ಕೇಟ್ ಮಾಡುವವರಿಗೆ ಎರಡು ವಾರಾಂತ್ಯ ಬಿಟ್ಟುಕೊಡಿ. ಎತ್ತರ 5 ಸೆಂ.ಮೀ. ಇಳಿಸಿ, ಕೋನ ಸ್ವಲ್ಪ ತಿರುಗಿಸಿ ಎಂಬ ಮಾತು ಆಗ ಬರುತ್ತದೆ. ಪ್ಲೈವುಡ್ಡಿನಲ್ಲಿ ಆ ತಿದ್ದುಪಡಿ ಗಂಟೆಗಳ ಕೆಲಸ, ಗ್ರಾನೈಟಿನಲ್ಲಿ ಹೊಸ ಕಲ್ಲು.

ಒಪ್ಪಂದದಲ್ಲಿ ತಪ್ಪದೆ ಬರೆಯಬೇಕಾದದ್ದು ಸವೆತದ ವಿಚಾರ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮು, ಕೃತಿ ಮಾರಿದ ಮೇಲೂ ಅದನ್ನು ವಿರೂಪಗೊಳಿಸುವುದರ ವಿರುದ್ಧ ಕಲಾವಿದರಿಗೆ ಹಕ್ಕು ಕೊಡುತ್ತದೆ. ವಿಜ್ಞಾನ ಭವನದಿಂದ ತೆಗೆದುಹಾಕಿದ ಭಿತ್ತಿಶಿಲ್ಪದ ಬಗ್ಗೆ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಕಲಾವಿದರ ಪರ ನಿಂತು, ಕೃತಿಯನ್ನು ಮರಳಿಸಿ ಪರಿಹಾರ ಕೊಡಲು ಹೇಳಿತು. ಆದ್ದರಿಂದ ಚಕ್ರದ ಗೆರೆ, ಸಲೀಸಾಗಿ ಜಾರಲೆಂದು ಅಂಚಿಗೆ ಸವರುವ ಮೇಣದ ಕಪ್ಪು, ಅಂಚಿನ ಸವೆತ ಕೃತಿಯ ಬಳಕೆಯ ಭಾಗವೆಂದು ಕಲಾವಿದರು ಒಪ್ಪಿದ್ದಾರೆ ಎಂಬುದು ಬರಹದಲ್ಲಿರಲಿ. ದೊಡ್ಡ ದುರಸ್ತಿಗೂ ಸ್ಥಳಾಂತರಕ್ಕೂ ಅವರನ್ನು ಕೇಳಿಯೇ ಮುಂದುವರಿಯಬೇಕು ಎಂಬುದೂ ಇರಲಿ. ಹೀಗೆ ಎರಡೂ ಕಡೆಗೆ ನ್ಯಾಯ ಸಿಗುತ್ತದೆ.

ಕೊನೆಯ ಕಂತಿನ ಹಣವನ್ನು ಉದ್ಘಾಟನೆಯ ದಿನ ಕೊಡಬೇಡಿ. ಒಂದು ಮಳೆಗಾಲ ಕಳೆದು, ನೀರು ನಿಲ್ಲುವ ತಗ್ಗು, ಸಡಿಲವಾದ ಡೋವೆಲ್, ಬಿರಿದ ವೆಲ್ಡ್ ಎಲ್ಲವನ್ನೂ ಸ್ಕೇಟ್ ಮಾಡುವವರ ಜೊತೆ ನಿಂತು ಪರೀಕ್ಷಿಸಿದ ಮೇಲೆ ಬಿಡುಗಡೆ ಮಾಡಿ. ಪ್ರತಿವರ್ಷದ ನಿರ್ವಹಣೆಗೆ ಕೃತಿಯ ವೆಚ್ಚದ ಶೇ. 2ರಷ್ಟನ್ನಾದರೂ ಅದೇ ಕಡತದಲ್ಲಿ ಮಂಜೂರು ಮಾಡಿಸಿಕೊಳ್ಳಿ.