ಮನೆ ಹತ್ತಿರ ಎಂಟು ಬರುತ್ತೆ, ಟೆಸ್ಟಲ್ಲಿ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ಸರ್, ನಾನು ಬಳ್ಳಾರಿ ಕೌಲ್ ಬಜಾರ್ ಕಡೆಯವನು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ ನಾಲ್ಕು ತಿಂಗಳಾಯಿತು. ಹೋದ ತಿಂಗಳು ಬೈಕ್ ಟೆಸ್ಟಿಗೆ ಹೋಗಿ ಫೇಲ್ ಆದೆ. ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಗಾಡಿ ತಿರುಗಿಸುವಾಗ, ಕಾಲು ಕೆಳಗಿಟ್ಟೆ. ಮನೆ ಹತ್ತಿರ ಎಷ್ಟು ಸಲ ಬೇಕಾದರೂ ಹಾಕ್ತೀನಿ. ಇನ್‌ಸ್ಪೆಕ್ಟರ್ ಮುಂದೆ ಹೋದರೆ ಕೈ ನಡುಗುತ್ತೆ. ಈ ಭಯ ಹೋಗೋದು ಹೇಗೆ? ಮತ್ತೆ ಫೇಲ್ ಆದರೆ ಏನು ಗತಿ?

ಉತ್ತರ:

ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲ್ ಮೇಷ್ಟ್ರು, ಡ್ರೈವಿಂಗ್ ಸ್ಕೂಲಿನವನಲ್ಲ. ಆದರೂ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ. 34ನೇ ವಯಸ್ಸಿನಲ್ಲಿ ಬೈಕ್ ಟೆಸ್ಟಿಗೆ ಹೋಗಿ, ಒಂದಲ್ಲ, ಎರಡು ಸಲ ಫೇಲ್ ಆದ ಮೇಷ್ಟ್ರು ಅಂತ ನಮ್ಮ ಏರಿಯಾದಲ್ಲಿ ನನಗೆ ಹೆಸರಿದೆ.

ಮೊದಲನೇ ಸಲ ಗಾಡಿ ಆಫ್ ಆಯಿತು. ಅದು ಹೋಗಲಿ. ಎರಡನೇ ಸಲದ್ದು ಕೇಳಿ. ಲೈನಿನಲ್ಲಿ ನನ್ನ ಹಿಂದೆ ನಿಂತಿದ್ದವನು ಮೂರು ವರ್ಷದ ಹಿಂದೆ ನನ್ನ ಹತ್ತಿರ ಗಣಿತ ಕಲಿತ ಹುಡುಗ. "ಸಾರ್, ನೀವೂ ಟೆಸ್ಟಿಗೆ ಬಂದೀರಾ?" ಅಂದ. ಅವನ ಮುಖದಲ್ಲಿ ನಗು ಇರಲಿಲ್ಲ, ಮರ್ಯಾದೆ ಇತ್ತು. ನಕ್ಕಿದ್ದರೇ ಚೆನ್ನಾಗಿತ್ತು. ನನ್ನ ಹೆಸರು ಕರೆದರು. ಎಂಟಿನ ಮೊದಲ ಅರ್ಧ ಆರಾಮಾಗಿ ಮುಗಿಯಿತು. ಎರಡನೇ ಅರ್ಧದಲ್ಲಿ ಹೋದ ಸಲ ಗಾಡಿ ಆಫ್ ಆಗಿದ್ದ ತಿರುವು ಬಂತು. ಕಣ್ಣು ಸೀದಾ ನೆಲಕ್ಕೆ ಹೋಯಿತು. ಎಡಗಾಲು ಕೆಳಗೆ ಬಂತು. ನಾನು ಇಟ್ಟದ್ದಲ್ಲ ಅದು, ತಾನೇ ಹೋಗಿ ಕೂತಿತು. ನನ್ನ ಶಿಷ್ಯ ಪಾಪ, ನೋಡಿಲ್ಲ ಅನ್ನೋ ಹಾಗೆ ಮೊಬೈಲ್ ತೆಗೆದ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನ ಗೇಟಿನ ಹತ್ತಿರ ನಿಂತು "ಹೆದರಬ್ಯಾಡ್ರಪಾ, ಬಂದದ್ದು ಬರೀರಿ" ಅನ್ನುವವನು ನಾನು. ಆ ಮಾತಿನಿಂದ ಒಂದು ಮಗುವಿನ ಭಯವಾದರೂ ಕಮ್ಮಿ ಆಗಿದೆಯಾ ಅಂತ ಅವತ್ತು ಅನುಮಾನ ಬಂತು. ಹಾಗಾಗಿ ನಿಮಗೆ ಹೆದರಬೇಡಿ ಅಂತ ಹೇಳುವುದಿಲ್ಲ. ಹೆದರಿಕೆ ಬರುತ್ತದೆ. ಎರಡನೇ ಸಲ ಇನ್ನೂ ಜಾಸ್ತಿ ಬರುತ್ತದೆ, ಯಾಕಂದರೆ ಕಾಲು ಎಲ್ಲಿ ಕೆಳಗೆ ಬಂತು ಅನ್ನೋದು ಮೈಗೆ ನೆನಪಿರುತ್ತದೆ. ಹೆದರಿಕೆ ಇದ್ದಾಗಲೂ ಗಾಡಿ ತಿರುಗಬೇಕು. ಅದನ್ನು ಅಭ್ಯಾಸ ಮಾಡಬಹುದು.

ಭಯ ಆದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆರಳು ಸಣ್ಣಗೆ ನಡುಗುತ್ತವೆ. ಓಡೋಕೆ, ಹೊಡೆದಾಡೋಕೆ ಇದು ಒಳ್ಳೆಯದೇ. ಹಾಫ್ ಕ್ಲಚ್, ಅಂದರೆ ಕ್ಲಚ್ಚನ್ನು ಅರ್ಧ ಬಿಟ್ಟು ಅರ್ಧ ಹಿಡಿಯೋಕೆ ಮಾತ್ರ ಆಗಿಬರುವುದಿಲ್ಲ. ಕೈ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ, ಮೊಣಕೈ ಕಟ್ಟಿಗೆಯಾಗುತ್ತದೆ, ನಡುಕ ಆಕ್ಸಿಲೇಟರ್‌ಗೆ ಹೋಗಿ ಗಾಡಿ ಜಗ್ಗುತ್ತದೆ. ಗಾಡಿ ಜಗ್ಗಿತು ಅಂದರೆ ಕಣ್ಣು ಮುಂದಿನ ಗಾಲಿ ನೋಡುತ್ತದೆ. ಆಮೇಲೆ ಕಾಲು.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅಂತ ಅಮೆರಿಕದ ಇಬ್ಬರು ಸಂಶೋಧಕರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ತಪ್ಪು ಬಾಗಿಲಿಗೆ ಹೋದರೆ ಇಲಿಗೆ ಕರೆಂಟ್ ಶಾಕ್. ಕೆಲಸ ಸುಲಭ ಇದ್ದಾಗ ಶಾಕ್ ಜೋರಾದಷ್ಟೂ ಇಲಿ ಬೇಗ ಕಲಿಯಿತು. ಕೆಲಸ ಕಷ್ಟದ್ದಾದಾಗ, ಶಾಕ್ ಒಂದು ಮಟ್ಟ ದಾಟಿದ ಮೇಲೆ ಕಲಿಯೋದು ನಿಧಾನ ಆಯಿತು. ಇಲಿಗೂ ನಮಗೂ ಏನು ಸಂಬಂಧ ಅನ್ನಬೇಡಿ. ನೇರ ರಸ್ತೆಯಲ್ಲಿ ಗಾಡಿ ಓಡಿಸೋದು ನಿಮಗೆ ಸುಲಭದ ಕೆಲಸ, ಅಲ್ಲಿ ಎದೆ ಹೊಡೆದುಕೊಂಡರೂ ನಡೆಯುತ್ತದೆ. ಎಂಟು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿದಿದೆ. ಮೈಯನ್ನು ತಣ್ಣಗೆ ಮಾಡೋದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಎಂಟನ್ನು ಸುಲಭದ ಕೆಲಸ ಮಾಡಿಕೊಳ್ಳೋದು ಇದೆ.

"ಆದರೆ ನನಗೆ ಬರುತ್ತಲ್ಲ, ಮನೆ ಹತ್ತಿರ ಹಾಕ್ತೀನಲ್ಲ" ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ವಿಷಯ ಯೋಚನೆ ಮಾಡಿ. ಮನೆ ಹತ್ತಿರ ನೀವು ಹತ್ತು ಸುತ್ತು ಹಾಕುತ್ತೀರಿ. ಮೊದಲನೇದರಲ್ಲಿ ಗಾಡಿ ಅಲ್ಲಾಡುತ್ತದೆ, ಎರಡನೇದರಲ್ಲಿ ಕಾಲು ಹೋಗುತ್ತದೆ, ಮೂರನೇದರಿಂದ ಕೈ ಕೂಡಿಕೊಳ್ಳುತ್ತದೆ. ಹತ್ತನೇದು ಬೆಣ್ಣೆ. ಮನೆಗೆ ಬಂದು ಎಂಟು ಬರ್ತದೆ ಅನ್ನುವಾಗ ನಿಮ್ಮ ಮನಸ್ಸಿನಲ್ಲಿರೋದು ಆ ಹತ್ತನೇ ಸುತ್ತು. ಟೆಸ್ಟಿನಲ್ಲಿ ಹತ್ತನೇ ಸುತ್ತು ಯಾರೂ ನೋಡುವುದಿಲ್ಲ. ಬಿಸಿಲಲ್ಲಿ ಒಂದೂವರೆ ಗಂಟೆ ನಿಂತು, ಕೈ ಜಡ್ಡುಗಟ್ಟಿ, ಆಮೇಲೆ ಹತ್ತಿದ ಮೊದಲನೇ ಸುತ್ತನ್ನು ನೋಡುತ್ತಾರೆ. ಆ ಮೊದಲನೇ ಸುತ್ತು ಮನೆ ಹತ್ತಿರವೂ ಬರುತ್ತಾ ಇರಲಿಲ್ಲ. ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ.

ಇದು ತಲೆಗೆ ಬಂದ ಮೇಲೆ ಅಭ್ಯಾಸ ಪೂರ್ತಿ ಬದಲಾಯಿಸಿದೆ. ಶಾಲೆ ಬಿಟ್ಟು ಬಂದು ಖಾಲಿ ಲೇಔಟಿಗೆ ಹೋಗುವುದು. ಗಾಡಿ ಸ್ಟ್ಯಾಂಡ್ ಹಾಕಿ ಅರ್ಧ ಗಂಟೆ ಸುಮ್ನೆ ಕೂರುವುದು. ಆಮೇಲೆ ಹೆಲ್ಮೆಟ್ ಹಾಕಿ ಒಂದೇ ಒಂದು ಎಂಟು. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಶಾಲೆಯ ಡೈರಿಯಲ್ಲಿ ಆ ಒಂದು ಸುತ್ತಿಗೆ ಮಾತ್ರ ರೈಟೋ ತಪ್ಪೋ ಹಾಕುತ್ತಿದ್ದೆ. ಆಮೇಲೆ ಬೇಕಾದಷ್ಟು ಸುತ್ತಿ, ಅದು ಲೆಕ್ಕಕ್ಕಿಲ್ಲ. ಮೊದಲ ವಾರ ಡೈರಿ ನೋಡೋಕೆ ಆಗುತ್ತಿರಲಿಲ್ಲ. ಏಳು ದಿನದಲ್ಲಿ ಎರಡೇ ರೈಟು. ಬೇಜಾರಾಯಿತು ನಿಜ. ಆದರೆ ನಾನು ಯಾಕೆ ಫೇಲ್ ಆದೆ ಅನ್ನೋದಕ್ಕೆ ಅಷ್ಟು ಸ್ಪಷ್ಟ ಉತ್ತರ ಬೇರೆ ಯಾರೂ ಕೊಟ್ಟಿರಲಿಲ್ಲ.

ಇನ್ನು ಜನ ನೋಡುವ ಭಯ. ಇದಕ್ಕೆ ಜನರನ್ನೇ ಕರೆದುಕೊಳ್ಳಬೇಕು. ಲೇಔಟಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರನ್ನು ಕರೆದು ಹೇಳಿದೆ: ನಾನು ಕಾಲು ಕೆಳಗಿಟ್ಟರೆ ನಿಮಗೆಲ್ಲ ಗೋಲಿ ಸೋಡಾ. ಆಟ ಬಿಟ್ಟು ಐದೂ ಜನ ಗೆರೆಯ ಸುತ್ತ ಕುಕ್ಕರಗಾಲಲ್ಲಿ ಕೂತರು. ನನ್ನ ಮುಖ ಯಾರೂ ನೋಡಲಿಲ್ಲ, ಎಲ್ಲರ ಕಣ್ಣು ನನ್ನ ಚಪ್ಪಲಿ ಮೇಲೆ. ಗಾಡಿ ಸ್ವಲ್ಪ ವಾಲಿದರೆ ಸಾಕು, "ಇಟ್ಟ್ರು! ಇಟ್ಟ್ರು!" ಅಂತ ಕಿರುಚುತ್ತಿದ್ದರು. ಇಡದೇ ಇದ್ದಾಗಲೂ ಕಿರುಚುತ್ತಿದ್ದರು, ಸೋಡಾ ಆಸೆ. ಆ ಗದ್ದಲದಲ್ಲಿ ಎಂಟು ಹಾಕಿದವನಿಗೆ ಸುಮ್ಮನೆ ನಿಂತು ನೋಡುವ ಬ್ರೇಕ್ ಇನ್‌ಸ್ಪೆಕ್ಟರ್ ದೊಡ್ಡವರಾಗಿ ಕಾಣುವುದಿಲ್ಲ. ಸೋಡಾ ಖರ್ಚು ಡ್ರೈವಿಂಗ್ ಸ್ಕೂಲ್ ಫೀಸಿಗಿಂತ ಕಮ್ಮಿಯೇ ಬಿತ್ತು. ಚಪ್ಪಲಿ ಅಂದೆನಲ್ಲ, ಅದೂ ನನ್ನದೇ ತಪ್ಪು. ಟೆಸ್ಟಿಗೆ ಶೂ ಹಾಕಿಕೊಂಡು ಹೋಗುವವರು ಶೂನಲ್ಲೇ ಕಲಿಯಬೇಕು. ಹಿಂದಿನ ಬ್ರೇಕು ಶೂಗೆ ಬೇರೆ ಥರ ಸಿಗುತ್ತದೆ.

ಗಾಡಿ ತಿರುಗಿಸೋದನ್ನು ಹೇಳಿಕೊಟ್ಟವರು ನಮ್ಮ ಗ್ಯಾರೇಜಿನ ಮಾಮಾ. ಎರಡನೇ ಸಲ ಫೇಲ್ ಆದ ಸುದ್ದಿ ಕೇಳಿ, ಸ್ಪ್ಯಾನರ್ ಕೆಳಗಿಟ್ಟು, ಲೇಔಟಿಗೆ ಬಂದು ಒಂದು ಸುತ್ತು ನೋಡಿದರು.

"ಮೇಷ್ಟ್ರೇ, ಗಾಲಿ ಯಾಕ್ ನೋಡ್ತೀರಿ? ಗಾಲಿ ಎಲ್ಲೂ ಓಡಿ ಹೋಗಂಗಿಲ್ಲ. ಗುಡ್ಡ ನೋಡ್ರಿ."

ಆ ಲೇಔಟಿನಿಂದ ಬಳ್ಳಾರಿ ಗುಡ್ಡ ಚೆನ್ನಾಗಿ ಕಾಣುತ್ತದೆ, ಕೋಟೆ ಗೋಡೆ ಸಮೇತ. ಒಂದು ಕಡೆ ತಿರುಗುವಾಗ ಗುಡ್ಡ, ಇನ್ನೊಂದು ಕಡೆ ತಿರುಗುವಾಗ ನೀರಿನ ಟ್ಯಾಂಕು. ಕಣ್ಣಷ್ಟೇ ಅಲ್ಲ, ಹೆಲ್ಮೆಟ್ ಸಮೇತ ತಲೆ ತಿರುಗಬೇಕು. ತಲೆ ಎತ್ತ ಹೋಗುತ್ತದೋ ಭುಜ ಅತ್ತ, ಭುಜ ಎತ್ತಲೋ ಹ್ಯಾಂಡಲ್ ಅತ್ತ. ನಂಬಿಕೆ ಬರಲ್ಲ ಅಲ್ವಾ? ನನಗೂ ಬಂದಿರಲಿಲ್ಲ. ಇವತ್ತು ಸಂಜೆ ಒಂದು ಸಲ ಗಾಲಿ ನೋಡುತ್ತ, ಒಂದು ಸಲ ದೂರ ನೋಡುತ್ತ ಹಾಕಿ ನೋಡಿ. ಟೆಸ್ಟ್ ಮೈದಾನದಲ್ಲೂ ಇಂಥ ಎರಡು ಗುರುತು ಹುಡುಕಿಟ್ಟುಕೊಳ್ಳಿ. ಬೇವಿನ ಮರ, ಲೈಟ್ ಕಂಬ, ಏನಾದರೂ ಸರಿ. ಅದಕ್ಕಾಗಿ ಒಂದು ದಿನ ಮೊದಲೇ ಹೋಗಿ ಬರಬೇಕು. ಹೋದಾಗ ಎಂಟಿನ ಅಗಲವನ್ನು ಹೆಜ್ಜೆ ಹಾಕಿ ಅಳೆದುಕೊಂಡು ಬನ್ನಿ. ಮನೆ ಹತ್ತಿರ ಸುಣ್ಣದ ಪುಡಿಯಲ್ಲಿ ಅದಕ್ಕಿಂತ ಒಂದು ಹೆಜ್ಜೆ ಕಮ್ಮಿ ಬರೆದು ಕಲಿಯಿರಿ.

ಕೈಕಾಲಿನ ಕೆಲಸ ಹೀಗೆ. ಮೊದಲನೇ ಗೇರು. ಆಕ್ಸಿಲೇಟರ್ ಸ್ವಲ್ಪ ಕೊಟ್ಟು ಅಲ್ಲೇ ಬಿಟ್ಟುಬಿಡಿ, ಬಲಗೈ ಜೊತೆ ಆಟ ಬೇಡ. ನಡುಗೋದು ಅದೇ ಕೈ. ವೇಗವನ್ನು ಹಾಫ್ ಕ್ಲಚ್ಚಿನಲ್ಲಿ ಎಡಗೈ ನೋಡಿಕೊಳ್ಳಲಿ. ಬಲಗಾಲು ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಇರಲಿ, ಗಾಡಿ ಜಗ್ಗುವುದಿಲ್ಲ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡಿ, ಗಾಡಿ ತಿರುಗಿದ ಕಡೆಗೇ ಮಲಗುತ್ತದೆ. ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಮೊಣಕೈ ಸಡಿಲ ಇರಲಿ. ನಿಧಾನ ಅಂತ ತೀರಾ ನಿಧಾನವೂ ಬೇಡ. ಗಾಡಿಗೆ ಸ್ವಲ್ಪ ಓಟ ಇದ್ದರೇ ಅದು ತನ್ನನ್ನು ತಾನು ಹಿಡಿದುಕೊಳ್ಳುತ್ತದೆ.

ಯಾವ ಗಾಡಿಯಲ್ಲಿ ಕಲಿತಿರೋ ಅದನ್ನೇ ಟೆಸ್ಟಿಗೆ ಒಯ್ಯಿರಿ. ಗೆಳೆಯನ ಹೊಸ ಬೈಕು ಚೆನ್ನಾಗಿರಬಹುದು, ಅದರ ಕ್ಲಚ್ಚು ನಿಮ್ಮ ಬೆರಳಿಗೆ ಗೊತ್ತಿಲ್ಲ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ರಾತ್ರಿಯೇ ಕವರಿಗೆ ಹಾಕಿಡಿ. ಬೆಳಿಗ್ಗೆ ಚೀಟಿ ಹುಡುಕಾಡಿದರೆ ಮನೆಯಿಂದಲೇ ಕೈ ನಡುಕ ಶುರು.

ಆ ದಿನದ ಬಗ್ಗೆ ಜಾಸ್ತಿ ಹೇಳೋದೇನೂ ಇಲ್ಲ. ಸ್ಲಾಟ್ ಸಿಕ್ಕರೆ ಬೆಳಗಿನದೇ ತಗೊಳ್ಳಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುವ ಬೇಸಿಗೆ, ಮಧ್ಯಾಹ್ನ ಟ್ಯಾಂಕು ಮುಟ್ಟೋಕಾಗಲ್ಲ. ಮಂಡಕ್ಕಿ ಒಗ್ಗರಣೆ ತಿನ್ನಿ, ಮಿರ್ಚಿ ಬೇಡ. ಖಾಲಿ ಹೊಟ್ಟೆಯೂ ಬೇಡ, ಹಸಿವಿಗೂ ಕೈ ನಡುಗುತ್ತದೆ. ಧೈರ್ಯಕ್ಕೆ ಅಂತ ಮೇಲಿಂದ ಮೇಲೆ ಚಹಾ ಕುಡಿದರೆ ನಡುಕ ಜಾಸ್ತಿಯೇ ಆಗೋದು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಬೇಡಿ, ಗಾಡಿ ಓಡಿಸುವ ದಿನ ಅದು ಆಟವಲ್ಲ. ಅಂಗೈ ಒರೆಸಿಕೊಳ್ಳೋಕೆ ಕರ್ಚೀಫ್ ಇರಲಿ. ಹೆಸರು ಕರೆಯುವ ಮುಂಚೆ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಒಂದೈದು ಸಲ. ಬಿಡೋ ಉಸಿರು ಉದ್ದ ಆದರೆ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯುತ್ತದೆ ಅಂತ ಕಾಯುತ್ತ ಕೂರಬೇಡಿ.

ಮುಂದಿನವರ ಟೆಸ್ಟನ್ನು ನೋಡುತ್ತ ನಿಲ್ಲಬೇಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸಲಿಲ್ಲ. ಮೂರನೇ ಸಲ ನಾನು ಎಲ್ಲರದ್ದೂ ನೋಡಿದೆ. ಮುಂದಿದ್ದ ನಾಲ್ಕು ಜನರಲ್ಲಿ ಇಬ್ಬರು ನನ್ನ ಹಳೇ ತಿರುವಿನಲ್ಲೇ ಕಾಲಿಟ್ಟರು. ಇಬ್ಬರೂ ನೆಲ ನೋಡುತ್ತಿದ್ದರು. ನನ್ನ ಸರದಿ ಬಂದಾಗ ಕೈ ನಡುಗುತ್ತಲೇ ಇತ್ತು. ಬೇವಿನ ಮರ ನೋಡಿದೆ, ಆಮೇಲೆ ಕಾಂಪೌಂಡಿನ ಗೇಟು ನೋಡಿದೆ. ಎಂಟು ಮುಗಿದು ಗಾಡಿ ನಿಲ್ಲಿಸಿದಾಗ ಇನ್‌ಸ್ಪೆಕ್ಟರ್ ತಲೆ ಎತ್ತದೆ "ನೆಕ್ಸ್ಟ್" ಅಂದರು. ಪಾಸಾ ಫೇಲಾ ಅಂತ ಕೇಳೋಕೂ ಬಾಯಿ ಬರಲಿಲ್ಲ. ಹಿಂದಿದ್ದವರೊಬ್ಬರು "ಆತು ಹೋಗ್ರೀ, ಜಾಗ ಬಿಡ್ರಿ" ಅಂದ ಮೇಲೆ ಗೊತ್ತಾಯಿತು.

ಈಗ ನಿಮ್ಮ ಕೊನೆಯ ಪ್ರಶ್ನೆ. ಮತ್ತೆ ಫೇಲ್ ಆದರೆ ಏನು ಅನ್ನೋದು 1988ರ ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್‌ನಲ್ಲೇ ಇದೆ. ಫೇಲ್ ಆದವರು ಏಳು ದಿನ ಬಿಟ್ಟು ಮತ್ತೆ ಟೆಸ್ಟಿಗೆ ಹೋಗಬಹುದು. ಮೂರು ಸಲವೂ ಆಗದಿದ್ದರೆ, ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು. 2019ರ ತಿದ್ದುಪಡಿ ಪ್ರಕಾರ, ಹಾಗೆ ಮೂರು ಸಲ ಫೇಲ್ ಆದವರು ಮತ್ತೆ ಒಂದು ತರಬೇತಿಯನ್ನೂ ಮುಗಿಸಬೇಕು. ನೀವು ಒಂದು ಸಲ ಹೋಗಿದ್ದೀರಿ, ಇನ್ನೂ ಎರಡು ಇವೆ. ಹೋದ ತಿಂಗಳೇ ಫೇಲ್ ಆಗಿದ್ದರಿಂದ ಏಳು ದಿನ ಯಾವಾಗಲೋ ಕಳೆದಿದೆ. ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಟೆಸ್ಟ್ ಫೀಸ್ ಮತ್ತೆ ಕಟ್ಟಿ ಸ್ಲಾಟ್ ಹಿಡಿಯಬೇಕು. ಕೇಂದ್ರದ ನಿಯಮದಲ್ಲಿ ಅದು ಒಂದು ವರ್ಗದ ಗಾಡಿಗೆ 300 ರೂಪಾಯಿ. ಏಜೆಂಟ್ ಹಿಡಿ ಅಂತ ನಿಮಗೂ ಯಾರಾದರೂ ಹೇಳಿರಬಹುದು. ಏಜೆಂಟ್ ಫಾರ್ಮ್ ತುಂಬಿಕೊಡುತ್ತಾರೆ, ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿ ಪಕ್ಕಕ್ಕೆ ಬಂದಾಗ ಗಾಡಿ ಹಿಡಿಯೋದು ನೀವೇ.

ಭಯಕ್ಕಿಂತ ನನಗೆ ಚಿಂತೆ ಆಗಿರೋದು ನಿಮ್ಮ ಎಲ್‌ಎಲ್‌ಆರ್ ತಾರೀಕು. ಅದು ನಡೆಯೋದು ಆರು ತಿಂಗಳು, ನಿಮ್ಮದು ಆಗಲೇ ನಾಲ್ಕು ಮುಗಿದಿದೆ. ಧೈರ್ಯ ಬರಲಿ ಆಮೇಲೆ ನೋಡೋಣ ಅಂತ ಮುಂದೂಡಿದರೆ ಅವಧಿ ಮುಗಿದು ಹೊಸ ಎಲ್‌ಎಲ್‌ಆರ್, ಮತ್ತೆ 30 ದಿನ ಕಾಯೋದು ಎಲ್ಲ ಮೊದಲಿಂದ. ಹಾಗಾಗಿ ಮೂರು ವಾರ ಬಿಟ್ಟು ಒಂದು ಸ್ಲಾಟ್ ಹಿಡಿಯಿರಿ. ಅದರಲ್ಲಿ ಆಗದಿದ್ದರೂ, ಅವಧಿಯೊಳಗೆ ಇನ್ನೊಂದು ಸಲಕ್ಕೆ ಜಾಗ ಉಳಿಯುತ್ತದೆ. ಅಲ್ಲಿಯವರೆಗೆ ಗಾಡಿಗೆ ಎಲ್ ಬೋರ್ಡ್ ಇರಲಿ. ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಮೋಕಾ ಕಡೆ ಸುತ್ತಾಡಬೇಡಿ. ಎಲ್‌ಎಲ್‌ಆರ್‌ನಲ್ಲಿ ಹಿಂದೆ ಕೂರಬಹುದಾದವರು ಲೈಸೆನ್ಸ್ ಇದ್ದು ಕಲಿಸುವವರು ಮಾತ್ರ. ಮತ್ತೆ ಆ ಮೂರು ವಾರ ದಿನಕ್ಕೊಂದು ಮೊದಲನೇ ಸುತ್ತು. ಡೈರಿ ಇಲ್ಲದಿದ್ದರೆ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ, ಕೊನೆಯ ವಾರದಲ್ಲಿ ಏಳಕ್ಕೆ ಐದಾದರೂ ರೈಟ್ ಬಿದ್ದಿದ್ದರೆ ಹೊರಡಿ.